ಬರೀ ಹಬಿ

ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಬಾರದೆಂದು ಸರಕಾರ ಕಟ್ಟುನಿಟ್ಟು ಮಾಡಿದ್ದು ೨೦೦೮ರ ಗಾಂಧಿ ಜಯಂತಿಗೆ. ಖಾಸಗಿ ಸ್ಥಳಗಳ ಖಾತೆಯನ್ನು ಅದಕ್ಕೂ ಮೊದಲೇ ನನ್ನ ಹೆಂಡತಿ ತಾರಾಬಾಯಿ ವಹಿಸಿಕೊಂಡಿದ್ದಳು. ದಶಲಕ್ಷಣ ಪರ್ವದಲ್ಲಿ ಬಸದಿಗೆ ಹೋದವಳು ಮುನಿಗಳ ಮುಂದೆ ನಿಯಮ ಹಿಡಿದು ಬಂದಳು: ನಾನು ತಂಬಾಕು ಬಿಡುವವರೆಗೆ ಅವಳು ಸಿಹಿ ಮುಟ್ಟುವುದಿಲ್ಲ. (ಸೇದುವವನು ನಾನು, ಬಿಡುವವಳು ಅವಳು! ಇದು ಯಾವ ದೇಶದ ಕಾಯ್ದೆ?) ದೀಪಾವಳಿ ಹೋಯಿತು, ಯುಗಾದಿಯೂ ಹೋಯಿತು. ಅವಳು ಮುಟ್ಟದ ಮೇಲೆ ನಮಗೆ ಯಾರು ಮಾಡಿಹಾಕಬೇಕು? ನನ್ನ ಹೊಗೆ ಹೋಳಿಗೆಗೇ ಹೊಗೆ ಹಾಕಿತು.

ಆಗ ಯಮಕನಮರಡಿಯ ಲಾರಿ ಮಾಲೀಕ, ನನ್ನ ಗೆಳೆಯ ರಾವಸಾಹೇಬ ಮುಂಬೈಯಿಂದ ಕರೆಂಟಿನ ಸಿಗರೇಟು ತಂದುಕೊಟ್ಟ. ಬೆಂಕಿಯಿಲ್ಲ, ಬೂದಿಯಿಲ್ಲ, ಎಳೆದರೆ ತುದಿಯಲ್ಲಿ ಕೆಂಪು ದೀಪ. ಇದನ್ನು ಹಿಡಿಯುವ ಕಾನೂನು ಇನ್ನೂ ಹುಟ್ಟಿಲ್ಲವೆಂದು ಅವನೇ ಭರವಸೆ ಕೊಟ್ಟ.

"ತಾರಾ, ಸಿಗರೇಟ್ ಬಿಟ್ಟೆ!" ಎಂದು ಘೋಷಿಸಿದೆ.

"ಮತ್ತ ಬಾಯಾಗಿಂದು ಏನ್ರಿ ಅದು?"

"ಇದು ಕರೆಂಟಿಂದು. ಹೊಗಿ ಅಲ್ಲ, ಬರೀ ಹಬಿ."

"ಹಬಿ ಅಂದ್ರ ನೀರು ಬೇಕಲ್ಲ. ಸೋಸಿದ ನೀರೇನ್ರಿ?"

(ಜೈನರ ಅಡುಗೆಮನೆಯಲ್ಲಿ ಈ ಪ್ರಶ್ನೆಯಿಂದ ಯಾರೂ ತಪ್ಪಿಸಿಕೊಳ್ಳಲಾರರು.)

"ಸೋಸಿ, ಕಾಸಿ, ಆರಿಸಿದ್ದು."

"ಹಂಗಾರ ಹೊತ್ತ ಮುಳುಗಿದ ಮ್ಯಾಲೆ ಎಳೀಬ್ಯಾಡ್ರಿ. ತಂಬಾಕು ಇಲ್ಲಲ್ಲ? ಖರೆ ಹೇಳ್ರಿ."

"ಎಳ್ಳಷ್ಟೂ ಇಲ್ಲ."

ಕಾನ್ವೆಂಟಿನಲ್ಲಿ ಕಲಿತವನು ನಾನು. ಸುಳ್ಳಿಗೂ ಇಸ್ತ್ರಿ ಮಾಡಿದ ಯುನಿಫಾರ್ಮು ತೊಡಿಸಬಲ್ಲೆ.

ರವಿವಾರ ಗೋಕಾಕದ ಬಜಾರಿನಿಂದ ಬೆಲ್ಲ ಬಂತು. ಹೂರಣದ ಘಮಕ್ಕೆ ನನ್ನ ಆತ್ಮ ಮೋಕ್ಷದ ಮೆಟ್ಟಿಲು ಹತ್ತತೊಡಗಿತು. ಎಲ್ಲರೂ ಕೂತೆವು. ತಾರಾಬಾಯಿ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಹೊಸ ಮದುಮಗಳಂತೆ ನನ್ನತ್ತ ನೋಡಿ ನಕ್ಕಳು. ತುತ್ತು ತುಟಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಮಗಳು ರೂಪಾಲಿ ಸೀನಿದಳು.

"ಪಾಪ, ಮೂಗು ಕಟ್ಟೇತಿ ಕೂಸಿಗೆ," ಎಂದ ತಾರಾಬಾಯಿ ಎಡಗೈಯಿಂದ ನನ್ನ ಕಿಸೆಯ ಯಂತ್ರ ತೆಗೆದು ಅವಳಿಗೆ ಕೊಟ್ಟಳು. "ತಗೋ, ಪಪ್ಪಾನ ಹಬಿ ಎರಡ ಸಲ ಎಳ್ಕೋ. ಮೂಗು ಬಿಡತೈತಿ."

ನಾನು ತಾಟು ದಾಟಿ, ಸಾರು ಚೆಲ್ಲಿ, ಮಗಳ ಕೈಯಿಂದ ಅದನ್ನು ಕಸಿದುಕೊಂಡೆ.

"ಬ್ಯಾಡ! ಅದರಾಗ ತಂಬಾಕಿನ ವಿಷ ಐತಿ!"

ತುತ್ತು ಮೆಲ್ಲಗೆ ತಾಟಿಗೆ ಮರಳಿತು. ತಾರಾಬಾಯಿ ಬಯ್ಯಲಿಲ್ಲ. (ಬೈದಿದ್ದರೆ ಬದುಕುತ್ತಿದ್ದೆ.) ನನ್ನ ತಾಟಿನ ಹೋಳಿಗೆಯನ್ನೂ ತೆಗೆದು ಮಗಳಿಗೆ ಬಡಿಸಿದಳು. ಆಮೇಲೆ ಬಿಸಿ ಹೋಳಿಗೆಯ ಡಬ್ಬಿಯನ್ನು ನನ್ನ ಮೂಗಿನ ಕೆಳಗೆ ಹಿಡಿದು ಮುಚ್ಚಳ ತೆರೆದಳು. ಚಷ್ಮಾ ಮಂಜಾಯಿತು.

"ಎಳ್ಕೋರಿ," ಎಂದಳು. "ಬರೀ ಹಬಿ. ತಂಬಾಕು ಎಳ್ಳಷ್ಟೂ ಇಲ್ಲ."