ಎರಡು ತಿರುಪು

ತಿರುಪು ಇದ್ದದ್ದು ಎರಡೇ. ದೋಣಿಯ ಹಿಂಬದಿಗೆ ಇಂಜಿನ್ನನ್ನು ಕಚ್ಚಿಸುವ ಆ ಎರಡನ್ನೂ ಬಿಗಿಮಾಡಿ, ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲೆ ಹೊರಡಬೇಕೆಂದು ಮಾವ ಮೂರು ಸಲ ಹೇಳಿದ್ದರು. ಅಳಿಯ ಮೂರು ಸಲವೂ ತಲೆಯಾಡಿಸಿದ್ದ. ಅವತ್ತು ಬೆಳಿಗ್ಗೆ ಮಾತ್ರ ಮರೆತ. ದೋಣಿ ದಡದ ಹತ್ತಿರದ ಮುಳುಗುಬಂಡೆಗೆ ತಾಗಿತು. ಇಂಜಿನ್ ಒಮ್ಮೆ ಕೆಮ್ಮಿ, ಹೇಳದೆ ಕೇಳದೆ ಕೆರೆಯ ತಳ ಸೇರಿತು.

ಎಂಟು ವರ್ಷದ ಹಿಂದೆ ಮಾವನ ಹಳೆಯ ಇಂಜಿನ್ ದಡದಲ್ಲಿ ಕಟ್ಟಿದ್ದ ದೋಣಿಯಿಂದಲೇ ಕಳುವಾಗಿತ್ತು. ಅಂದಿನಿಂದ ಅವರು ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ. ಮಗಳ ಮುಖ ನೋಡಿ ಹೊಸದನ್ನು ಅಳಿಯನ ಕೈಗೆ ಕೊಟ್ಟಿದ್ದರು. ಇದೂ ಹೋಯಿತೆಂದರೆ ಅವನು ಮತ್ತೆ ಮಾವನ ದೋಣಿಯಲ್ಲಿ ಹುಟ್ಟು ಹಾಕುತ್ತ, ದಿನವಿಡೀ ಅವರ ಉಪದೇಶ ಕೇಳಬೇಕು. ಹುಟ್ಟನ್ನಾದರೂ ಸಹಿಸಬಹುದಿತ್ತು.

ಹೆಂಡತಿಗೆ, "ಇಂಜಿನ್ ರಿಪೇರಿಗೆ ಕೊಟ್ಟಿದೀನಿ" ಎಂದು ಹೇಳಿ ಮೆಕ್ಯಾನಿಕ್ಕನ ಬಳಿಗೆ ಓಡಿದ. ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು, ಅಟ್ಟದ ಮೇಲಿದ್ದ ಸೋನಾರ್ ಇಳಿಸಿಕೊಟ್ಟ.

"ಇದು ನೀರೊಳಗೆ ಸದ್ದು ಬಿಡುತ್ತೆ. ಸದ್ದು ಏನಕ್ಕಾದ್ರೂ ತಾಗಿ ವಾಪಸ್ ಬಂದ್ರೆ ಪರದೆ ಮೇಲೆ ಗೆರೆ ಮೂಡುತ್ತೆ. ಬಿಲ್ಲಿನ ಹಾಗೆ ಬಾಗಿದ್ರೆ ಮೀನು. ದಪ್ಪಗಿದ್ರೆ ಕಲ್ಲೋ ಕಬ್ಬಿಣವೋ. ಬ್ಯಾಟರಿ ಹಳೇದು, ಬೇಗ ಮುಗಿಸು."

ಅವತ್ತು ಕ್ಷೌರದಂಗಡಿಗೆ ರಜೆ. ಕ್ಷೌರಿಕ ಕರೆಯದೆಯೇ ಬಂದು ದೋಣಿಯಲ್ಲಿ ಕುಳಿತ.

"ಏನು ಹುಡುಕ್ತಿದೀರಿ?"

"ಮೀನು."

ಹೇಳಿದ್ದೇ ತಪ್ಪಾಯಿತು. ಬಿಲ್ಲಿನಂಥ ಗೆರೆಗಳು ಸಾಲುಸಾಲಾಗಿ ಮೂಡತೊಡಗಿದವು.

"ಬಲೆ ಬಿಡಿ ಮತ್ತೆ."

"ಇವು ಸಣ್ಣವು."

ಇನ್ನಷ್ಟು ಮುಂದೆ ಹೋದಾಗ ದೊಡ್ಡ ಬಿಲ್ಲುಗಳು ಬಂದವು.

"ಇವು?"

"ಇವು ತೀರಾ ದೊಡ್ಡವು."

ಕ್ಷೌರಿಕ ಬಗ್ಗಿ ಅವನ ತಲೆಯನ್ನು ಎರಡೂ ಕಡೆಯಿಂದ ನೋಡಿದ. "ನಿಮ್ಮ ತಲೆ ಸರಿಯಿಲ್ಲ. ದಿನಾ ತಲೆ ನೋಡೋನು ನಾನು, ನನಗೆ ಗೊತ್ತಾಗುತ್ತೆ."

ಅಷ್ಟರಲ್ಲಿ ಬಂಡೆಯ ಪಕ್ಕದಲ್ಲಿ ದಪ್ಪನೆಯ ಗೆರೆ ಮೂಡಿತು. ಅಳಿಯನಿಗೆ ಹೋದ ಜೀವ ಬಂದಂತಾಯಿತು. ಅವನು ಬಾಯಿ ತೆರೆಯುವ ಮೊದಲೇ ಕ್ಷೌರಿಕ ಎದ್ದು ನಿಂತು, ಕೆಳಗೆ ನಿಧಿಯಿದೆಯೆಂದು ದಡಕ್ಕೆ ಕೇಳುವಂತೆ ಕೂಗಿಬಿಟ್ಟ. ಗಳಿಗೆಯೊಳಗೆ ಅರ್ಧ ಬೀದಿ ಹಗ್ಗ, ಕೊಕ್ಕೆ ಹಿಡಿದು ಬಂತು. ಎಲ್ಲರಿಗಿಂತ ಮುಂದೆ ಮಾವ, ಅವರ ಹಿಂದೆ ಹೆಂಡತಿ.

ಕೊಕ್ಕೆ ಸಿಕ್ಕಿಸಿ ಎಳೆದೆಳೆದು ದಡಕ್ಕೆ ತಂದರೆ, ಬಂದದ್ದು ಇಂಜಿನ್ನೇ. ಆದರೆ ಪಾಚಿ ಹಿಡಿದ, ತುಕ್ಕು ತಿಂದ ಇಂಜಿನ್. ಪಾಚಿ ಕೆರೆದಾಗ ಮಾವ ಗುರುತಿಗೆಂದು ಬಳಿಸಿದ್ದ ಕೆಂಪು ಪಟ್ಟಿ ಕಂಡಿತು.

"ಇದು ನಿಮ್ಮ ಕಳುವಾದ ಇಂಜಿನ್ ಅಲ್ವಾ?" ಎಂದ ಕ್ಷೌರಿಕ.

ಅಳಿಯನ ಕಣ್ಣು ನೇರವಾಗಿ ತಿರುಪುಗಳ ಮೇಲೆ ಹೋಯಿತು. ಒಂದು ಅರ್ಧ ಬಿಗಿದಿತ್ತು, ಇನ್ನೊಂದನ್ನು ಮುಟ್ಟೇ ಇರಲಿಲ್ಲ. ಕಳ್ಳನಾದವನು ಎರಡನ್ನೂ ಪೂರ್ತಿ ಬಿಚ್ಚುತ್ತಾನೆ. ಹೀಗೆ ಬಿಡುವವನು ಮರೆಗುಳಿ ಮಾತ್ರ. ಮಾವನಿಗೂ ಅದೇ ಬಂಡೆ, ಅದೇ ತಿರುಪು.

ಮಾವ ಆ ನೋಟವನ್ನು ಗಮನಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು, ಮಲಗಿದ ಮಗುವಿಗೆ ಹೊದಿಸುವಂತೆ ಮೆತ್ತಗೆ ತಿರುಪುಗಳ ಮೇಲೆ ಹೊದಿಸಿದರು.

"ಅಳಿಯಂದ್ರೇ, ಎಂಟು ವರ್ಷ ಆದ್ರೂ ಕದ್ದು ಬಿಸಾಕಿದ ಜಾಗ ಮರೆತಿಲ್ಲ ನೀವು."

"ಅದಕ್ಕೇ ಮೀನು ಬೇಡ ಅಂದಿದ್ದು," ಎಂದು ಕ್ಷೌರಿಕ ಸಾಕ್ಷಿ ನುಡಿದ.

ಅಳಿಯ ಬಾಯಿ ತೆರೆದ. ಹಳೆಯ ಇಂಜಿನ್ ಹೇಗೆ ಬಿದ್ದಿತೆಂದು ಹೇಳಿದರೆ, ಅದು ತನಗೆ ಹೇಗೆ ಗೊತ್ತೆಂದೂ ಹೇಳಬೇಕು. ಬಾಯಿ ಮುಚ್ಚಿದ.

ಹೆಂಡತಿ ಮುಂದೆ ಬಂದಳು. "ನನ್ನ ಗಂಡ ಕಳ್ಳ ಅಲ್ಲಪ್ಪ. ನೀನು ಕೊಟ್ಟ ಹೊಸ ಇಂಜಿನ್ ಎಷ್ಟು ಜೋಪಾನ ಮಾಡ್ತಾರೆ ಗೊತ್ತಾ? ಇವತ್ತು ಬೆಳಿಗ್ಗೆ ತಾನೇ ರಿಪೇರಿಗೆ ಕೊಟ್ಟು ಬಂದಿದಾರೆ."

"ಹೌದಾ," ಎಂದರು ಮಾವ, ಬಹಳ ಮೃದುವಾಗಿ. "ಹಾಗಾದ್ರೆ ಸಂಜೆಯೊಳಗೆ ಅದನ್ನ ತಂದು ತೋರಿಸ್ಲಿ. ತೋರಿಸಿದ್ರೆ ಈ ವಿಷಯ ಇಲ್ಲಿಗೇ ಬಿಟ್ಟೆ."

ಅಳಿಯ ಕೈಯಲ್ಲಿದ್ದ ಸೋನಾರ್ ನೋಡಿದ. ಬ್ಯಾಟರಿ ಮುಗಿದು ಪರದೆ ಕಪ್ಪಾಗಿತ್ತು. ಕ್ಷೌರಿಕ ಆಗಲೇ ದೋಣಿ ಹತ್ತಿ ತನ್ನ ಜಾಗದಲ್ಲಿ ಕುಳಿತಿದ್ದ.

"ಬನ್ನಿ," ಎಂದ ಅವನು. "ಇನ್ನೂ ಏನೇನು ಕದ್ದು ಬಿಸಾಕಿದೀರೋ, ಎಲ್ಲಾ ಇವತ್ತೇ ತೆಗೆದುಬಿಡೋಣ."