ಒತ್ತದೆಯೇ ನನ್ನ ತೋಳಿಗೆ ಮೂರು ಅಂಕ ಕೊಟ್ಟವರಿಗೆ

ಮಾನ್ಯರೂ, ಮೃದುಹಸ್ತರೂ, ನಮ್ಮ ಪೇಟೆಯ ಆರೋಗ್ಯ ಕೇಂದ್ರದಲ್ಲಿ ಸೋತ ಕೈಕಾಲುಗಳಿಗೆ ಬಲ ತುಂಬುವ ಚಿಕಿತ್ಸಕರೂ ಆದ ಮಾಸ್ ಹಂದೊಕೊ ಅವರಿಗೆ, ಕ್ಲಾತೆನ್ ದಾರಿಯ ಹಿಂದಿನ ಕೇರಿಯ ದರ್ಸೊನೊ ಅವರ ಹೆಂಡತಿ ವಾರ್ಸಿತಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಕೇಳಿ ಸಂತೋಷವಾಯಿತು. ಈ ಪತ್ರವನ್ನು ನಮ್ಮ ಕೇರಿಯ ಹೆಂಗಸರ ಚಹಾಕೂಟದಲ್ಲಿ ಗಟ್ಟಿಯಾಗಿ ಓದಿ, ಎಲ್ಲರೂ ನಕ್ಕು ಮುಗಿಸಿದ ಮೇಲೆಯೇ ತಮಗೆ ಕಳಿಸುತ್ತಿದ್ದೇನೆ. ಆದ್ದರಿಂದ ಇದನ್ನು ಬಹಿರಂಗ ಪತ್ರವೆಂದೇ ತಿಳಿಯಬೇಕು.

ಮೊದಲಿಗೆ ತಮ್ಮ ಸೌಜನ್ಯವನ್ನು ಹೊಗಳದಿದ್ದರೆ ನಾಲಗೆಗೆ ಹುಳ ಬಿದ್ದೀತು. ಬಚ್ಚಲಲ್ಲಿ ಜಾರಿ ಬಲತೋಳಿನ ಮೂಳೆ ಮುರಿದುಕೊಂಡಿದ್ದ ನಾನು, ಪಟ್ಟಿ ಬಿಚ್ಚಿದ ಮೇಲೆ ಬಾಡಿದ ಬದನೆಕಾಯಿಯಂತಾಗಿದ್ದ ತೋಳನ್ನು ಹೊತ್ತುಕೊಂಡು ಬಂದಾಗ, ತಾವು ಎದ್ದು ನಿಂತು, ಸೊಂಟ ಬಾಗಿಸಿ, ಕುರ್ಚಿ ಒರೆಸಿ ಕೂರಿಸಿದಿರಿ. ಆಮೇಲೆ ವಿಚಾರಣೆ ಆರಂಭಿಸಿದಿರಿ. ಎಲ್ಲಿ ನೋವು, ಯಾವಾಗ ಹೆಚ್ಚು, ನಿದ್ದೆ ಹೇಗೆ ಎಂದು ತಾವು ನನ್ನ ಮುಖ ನೋಡಿ ಕೇಳಿದ್ದಕ್ಕೆಲ್ಲ ಪಕ್ಕದಲ್ಲಿ ಕೂತ ನಮ್ಮ ಯಜಮಾನರೇ ಉತ್ತರ ಕೊಟ್ಟರು. ನನಗೆ ನಿದ್ದೆ ಚೆನ್ನಾಗಿ ಬರುತ್ತದೆಂದು ಅವರು ಹೇಳಿದ್ದನ್ನು ನಾನು ಅಲ್ಲಗಳೆಯಲಿಲ್ಲ, ಯಾಕೆಂದರೆ ತಾನು ಗೊರಕೆ ಹೊಡೆಯುವಾಗ ಪಕ್ಕದವಳು ಎಚ್ಚರವಿದ್ದಾಳೋ ಇಲ್ಲವೋ ಎಂಬುದು ಯಾವ ಗಂಡನಿಗೆ ತಿಳಿಯುತ್ತದೆ ಹೇಳಿ.

ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ಕೇಳಿದಿರಿ. ಹತ್ತು ಎಂದರೆ ಗೋಳಾಡಿದಂತೆ, ಸೊನ್ನೆ ಎಂದರೆ ತಮ್ಮ ವಿದ್ಯೆಗೆ ಅವಮಾನ ಮಾಡಿದಂತೆ. ಆದ್ದರಿಂದ ಮರ್ಯಾದಸ್ತರು ಹೇಳುವ ಹಾಗೆ ಐದು ಎಂದೆ. ಆಗ ತೋಳನ್ನು ಬಾವಿಗೆ ಎಸೆದುಬಿಡೋಣ ಎನ್ನುವಷ್ಟು ನೋವಿತ್ತು. ತಾವೂ ಜಾವಾದಲ್ಲೇ ಹುಟ್ಟಿ ಬೆಳೆದವರು, ನಮ್ಮ ಐದಕ್ಕೆ ಎಷ್ಟು ಅರ್ಥವೆಂದು ತಮಗೆ ತಿಳಿದಿರಬೇಕೆಂದು ನಾನು ಅಂದುಕೊಂಡದ್ದು ತಪ್ಪಾಯಿತು.

ಕೊನೆಗೆ, ಈ ತೋಳಿನಿಂದ ಮುಂದೆ ಯಾವ ಕೆಲಸ ಮಾಡಲು ಬಯಸುತ್ತೀರಿ ಎಂದು ಕೇಳಿದಿರಿ. ನನ್ನ ಬಯಕೆ ಏನೆಂದು ನನ್ನನ್ನೇ ಯಾರೋ ಕೇಳಿದ್ದು ಅದೇ ಮೊದಲು. ನನ್ನ ಒಬ್ಬಳೇ ಮಗಳು ರೆತ್ನಾನಿಯ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಅಕ್ಕಿಹಿಟ್ಟು, ತೆಂಗಿನ ಹಾಲು, ತಾಳೆಬೆಲ್ಲವನ್ನು ದೊಡ್ಡ ಬಾಣಲೆಗೆ ಸುರಿದು, ಮರದ ಹುಟ್ಟಿನಿಂದ ಮಧ್ಯಾಹ್ನವಿಡೀ ಬಿಡದೆ ತಿರುವಿದರೆ ಮಾತ್ರ ಜೆನಾಂಗ್ ಎಂಬ ಅಂಟುಸಿಹಿ ಆಗುವುದು, ಮತ್ತು ಈ ಕೇರಿಯ ಅಷ್ಟೂ ಮದುವೆಗಳಿಗೆ ಆ ಹುಟ್ಟು ಹಿಡಿದವಳು ನಾನು. ಊರಿನವರ ಮಕ್ಕಳಿಗೆಲ್ಲ ತಿರುವಿದ ಕೈ ಹೆತ್ತ ಮಗಳಿಗೆ ತಿರುವಲಾರದೆ ಹೋದರೆ ಬದುಕಿದ್ದೇನು ಬಂತು ಎಂದು ನನಗೆ ಅನ್ನಿಸುತ್ತಿತ್ತು. ಇಷ್ಟನ್ನೂ ಹೇಳಬೇಕೆಂದು ಬಾಯಿ ತೆರೆದೆ. ಹೊರಬಂದದ್ದು, ತಾವು ಹೇಗೆ ಸರಿಯೆಂದು ತಿಳಿಯುತ್ತೀರೋ ಹಾಗೆ, ಎಂಬ ಮಾತು. ತಾವು ಬಹಳ ಯೋಚಿಸಿ, ತಲೆ ಬಾಚಿಕೊಳ್ಳುವಷ್ಟು ಶಕ್ತಿ ಬಂದರೆ ಸಾಕು ಎಂದು ತೀರ್ಮಾನಿಸಿದಿರಿ. ಅಂದಿನಿಂದ ಇಡೀ ಜಿಲ್ಲೆಯಲ್ಲಿ ನನ್ನಷ್ಟು ನೀಟಾಗಿ ತಲೆ ಬಾಚಿದ ಹೆಂಗಸು ಇನ್ನೊಬ್ಬಳಿಲ್ಲ.

ಇನ್ನು ತಮ್ಮ ಬಲಪರೀಕ್ಷೆಯ ವೈಭವಕ್ಕೆ ಬರುತ್ತೇನೆ. ತೋಳನ್ನು ಪಕ್ಕಕ್ಕೆ ಚಾಚಿ ಹಿಡಿಯಿರಿ, ನಾನು ಕೆಳಕ್ಕೆ ಒತ್ತುತ್ತೇನೆ, ತಾವು ಒತ್ತಲು ಬಿಡಬಾರದು ಎಂದು ಅಪ್ಪಣೆ ಕೊಡಿಸಿದಿರಿ. ಕೊಡಿಸಿ, ಅಪ್ಪಣೆಯಾದರೆ ಒತ್ತಲೇ ಎಂದು ನನ್ನನ್ನೇ ಕೇಳಿ, ಮಾರುಕಟ್ಟೆಯಲ್ಲಿ ಪಪ್ಪಾಯಿ ಹಣ್ಣಾಗಿದೆಯೇ ಎಂದು ನೋಡುವವರ ಹಾಗೆ ಎರಡು ಬೆರಳು ಇಟ್ಟಿರಿ. ಸರ್ಕಾರಿ ಸಮವಸ್ತ್ರ ತೊಟ್ಟ, ಓದಿದ, ನನಗೆ ಉಪಕಾರ ಮಾಡಲು ನಿಂತ ಹುಡುಗ ನನ್ನ ತೋಳು ಕೆಳಗಿಳಿಯಲಿ ಎಂದು ಬಯಸುವಾಗ, ಇಳಿಸುವುದಿಲ್ಲ ಹೋಗು ಎಂದು ಹಟ ಹಿಡಿಯುವಂಥ ಮನೆತನದಲ್ಲಿ ನಾನು ಹುಟ್ಟಿದವಳಲ್ಲ. ಮೆಲ್ಲಗೆ ಇಳಿಸಿದೆ. ತಾವು ಮೂರು ಎಂದಿರಿ. ತೋಳು ತನ್ನ ಭಾರವನ್ನು ತಾನು ಎತ್ತಬಲ್ಲದು, ಅದರ ಮೇಲೆ ಇನ್ನೇನನ್ನೂ ತಾಳದು, ಐದಾದರೆ ಪೂರ್ಣ ಬಲ ಎಂದು ನಮ್ಮ ಯಜಮಾನರಿಗೆ ವಿವರಿಸಿದಿರಿ.

ಹೀಗೆ ಪ್ರತಿ ಸಲವೂ ತಾವು ಒತ್ತಿದಿರಿ, ನಾನು ಇಳಿಸಿದೆ. ತಾವು ಕಲಿಸಿದಂತೆ ನೀರು ತುಂಬಿದ ಬಾಟಲಿ ಎತ್ತಿ ಎತ್ತಿ ನಿಜಕ್ಕೂ ತೋಳು ತುಂಬಿಕೊಂಡಿತು, ಅದನ್ನು ಮರೆತರೆ ನನ್ನಂಥ ಕೃತಘ್ನಳಿಲ್ಲ. ಮನೆಯಲ್ಲಿ ಬಾವಿ ಸೇದುತ್ತಿದ್ದೆ, ಕಲ್ಲಿನ ಮೇಲೆ ಮೆಣಸಿನಕಾಯಿ ಅರೆಯುತ್ತಿದ್ದೆ, ತೆಂಗಿನಕಾಯಿ ತುರಿಯುತ್ತಿದ್ದೆ. ತಮ್ಮ ಮುಂದೆ ಬಂದ ಕೂಡಲೇ ಮತ್ತೆ ಮೂರು. ತಾವು ಮುಖ ಸಣ್ಣ ಮಾಡಿಕೊಂಡು, ತಮ್ಮ ಚಿಕಿತ್ಸೆಯಲ್ಲೇ ಏನೋ ಕೊರತೆ ಇರಬೇಕೆಂದು ಕ್ಷಮೆ ಕೇಳುತ್ತಿದ್ದಿರಿ. ತಮ್ಮ ಆ ಮುಖ ನೋಡಲಾರದೆ ನಾನು ಮುಂದಿನ ಸಲ ಇನ್ನೂ ಬೇಗ ಇಳಿಸುತ್ತಿದ್ದೆ, ಕೆಲಸ ಬೇಗ ಮುಗಿದರೆ ತಮಗೆ ಸಂಕಟ ಕಡಿಮೆಯಾದೀತೆಂದು.

ಆ ಮೂರನ್ನು ನಮ್ಮ ಯಜಮಾನರು ಕೇರಿಯಲ್ಲೆಲ್ಲ ಡಂಗುರ ಸಾರಿದರು. ಮೂರು ಅಂಕದ ತೋಳಿಗೆ ಹುಟ್ಟು ಕೊಡುವಂತಿಲ್ಲವೆಂದು ಹಿರಿಯರು ಕೂತು ನಿರ್ಧರಿಸಿ, ಅದನ್ನು ಎದುರುಮನೆಯ ಕಾಸಿನೆಮ್ ಕೈಗೆ ಕೊಟ್ಟರು. ಕಾಸಿನೆಮ್ ಒಳ್ಳೆಯವಳು, ದೇವರು ಅವಳನ್ನು ಚೆನ್ನಾಗಿಟ್ಟಿರಲಿ, ಆದರೆ ಅವಳು ತನ್ನ ತವರಿನ ಮದುವೆಯೊಂದರಲ್ಲಿ ತಿರುವಿದ ಜೆನಾಂಗ್ ತಿಂದವರು ಮದುಮಕ್ಕಳ ಹೆಸರು ಮರೆತರೂ ಅದರ ಸೀದ ವಾಸನೆ ಮರೆತಿಲ್ಲ. ಆ ದಿನ ನಾನು ಕೋಳಿಗೂಡಿನ ಹಿಂದೆ ಹೋಗಿ ಅತ್ತೆ. ಒಳಗೆ ಬಂದಾಗ ರೆತ್ನಾನಿ ಯಾಕಮ್ಮಾ ಎಂದು ಕೇಳಿದ್ದಕ್ಕೆ ಈರುಳ್ಳಿ ಎಂದೆ.

ಮೊನ್ನೆ, ಮದುವೆಯ ಹಿಂದಿನ ಮಧ್ಯಾಹ್ನ ನಡೆದದ್ದು ತಮಗೆ ಗೊತ್ತೇ ಇದೆ, ಆದರೆ ತಾವು ಹೊರಗೆ ಬೇರೆ ಥರ ಹೇಳುತ್ತಿದ್ದೀರೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬಾಣಲೆ ಕುದಿಯುತ್ತಿತ್ತು. ಕಾಸಿನೆಮ್ ತನ್ನ ಪಾಳಿಯ ನಡುವೆ ಹುಟ್ಟನ್ನು ಬಾಣಲೆಯಲ್ಲೇ ಬಿಟ್ಟು, ಬೀಗರ ಸೀರೆ ನೋಡಲು ಎದ್ದುಹೋದಳು. ತಳದಿಂದ ಬೆಲ್ಲ ಹಿಡಿಯುವ ವಾಸನೆ ಮೂಗಿಗೆ ಬಡಿಯಿತು. ನಾನು ಓಡಿ ಹುಟ್ಟು ಹಿಡಿದೆ, ತಿರುವತೊಡಗಿದೆ. ಅತಿಥಿಯಾಗಿ ಮುಂಚೆಯೇ ಬಂದಿದ್ದ ತಾವು ಅದನ್ನು ನೋಡಿ ಚಹಾಲೋಟ ಬಿಸಾಡಿ ಓಡಿಬಂದು, ಹುಟ್ಟಿನ ಮೇಲ್ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮಾ ದಯವಿಟ್ಟು ಬಿಡಿ, ತೋಳು ತಡೆಯುವುದಿಲ್ಲ ಎಂದು ಬೇಡಿಕೊಂಡಿರಿ.

ಆಗ ನನ್ನ ಬಾಯಿಂದ ಬಂದ ಮಾತಿಗೆ ಕ್ಷಮೆ ಕೇಳಬೇಕೋ ಬೇಡವೋ ಇನ್ನೂ ತಿಳಿದಿಲ್ಲ. "ನೀನು ಬಿಡೋ ತಮ್ಮಾ, ತಳ ಹಿಡೀತಾ ಇದೆ, ಕಣ್ಣು ಕಾಣಲ್ವಾ ನಿಂಗೆ?" ಎಂದುಬಿಟ್ಟೆ.

ನಮ್ಮ ಕೇರಿಯಲ್ಲಿ ಸಮವಸ್ತ್ರದವರ ಜತೆ ಯಾರೂ ಹಾಗೆ ಮಾತಾಡಿದ್ದಿಲ್ಲ. ತಾವು ಬೆಚ್ಚಿದಿರಿ, ಆದರೆ ಬಿಡಲಿಲ್ಲ. ಮೊದಲ ಬಾರಿಗೆ ನಿಜವಾದ ಬಲ ಹಾಕಿ, ಕಾಲು ಊರಿ, ಹಲ್ಲು ಕಚ್ಚಿ ಎಳೆದಿರಿ. ನಾನೂ ಮೊದಲ ಬಾರಿಗೆ ಬಿಡಲಿಲ್ಲ. ಹುಟ್ಟು ತಿರುಗಿತು, ಹುಟ್ಟಿನ ಜತೆ ತಾವೂ ತಿರುಗಿದಿರಿ, ಬಾಣಲೆಯ ಸುತ್ತ ಪೂರಾ ಒಂದು ಸುತ್ತು, ಅಂಗಿಯ ತೋಳು ಪರ್ರನೆ ಹರಿಯುವ ತನಕ. ಆಮೇಲೆ ಕೈಬಿಟ್ಟು, ಬೆವರು ಒರೆಸಿಕೊಳ್ಳುತ್ತ, ನೆರೆದವರೆಲ್ಲ ಕೇಳುವಂತೆ, "ಐದು. ಪೂರ್ತಿ ಐದು. ಇಷ್ಟು ದಿನ ಯಾಕಮ್ಮಾ ಸೋಲ್ತಿದ್ರಿ?" ಎಂದಿರಿ.

ನೀವು ಯಾಕಪ್ಪಾ ಒತ್ತಲಿಲ್ಲ ಎಂದು ನಾನು ಕೇಳಿದ್ದಕ್ಕೆ, ನನ್ನ ಅಜ್ಜಿಯ ವಯಸ್ಸಿನವರನ್ನು ಹೇಗೆ ಒತ್ತಲಿ ಎಂದು ತಲೆ ತಗ್ಗಿಸಿದಿರಿ. ಅಜ್ಜಿ ಎಂಬ ಪದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕ್ಷಮಿಸಿದ್ದೇನೆ.

ಆದಕಾರಣ ಮಾನ್ಯರಲ್ಲಿ ನನ್ನ ಬೇಡಿಕೆಗಳಿಷ್ಟೇ. ಮೇಲಧಿಕಾರಿಗಳಿಗೆ ಬರೆದು, ಬಾಯಿಬಡುಕ, ಮರ್ಯಾದೆಗೇಡಿ ಚಿಕಿತ್ಸಕರೊಬ್ಬರನ್ನು ಆರೋಗ್ಯ ಕೇಂದ್ರಕ್ಕೆ ನೇಮಿಸಿಕೊಡಬೇಕು; ಅಂಥವರು ಜಾವಾದಲ್ಲಿ ಸಿಗದಿದ್ದರೆ ಹಡಗಿನಲ್ಲಿ ತರಿಸಬೇಕು. ಪರೀಕ್ಷೆಯ ಕೋಣೆಯಲ್ಲಿ ಒಲೆ ಹೂಡಿ ಸದಾ ಒಂದು ಬಾಣಲೆ ಕುದಿಸುತ್ತಿರಬೇಕು. ವಿಚಾರಣೆ ಮುಗಿಯುವ ತನಕ ಗಂಡಂದಿರನ್ನು ಸೈಕಲ್ ನಿಲ್ಲಿಸುವ ಜಾಗದಲ್ಲಿ ಬೀಗ ಹಾಕಿ ಇಡಬೇಕು. ಇದ್ಯಾವುದೂ ಆಗದಿದ್ದರೆ, ನನ್ನಂಥವಳು ಎದುರು ಕೂತು ತಾವು ಹೇಗೆ ಹೇಳುತ್ತೀರೋ ಹಾಗೆ ಎಂದಾಗ, ದಯವಿಟ್ಟು ಇನ್ನೊಂದು ಸಲ ಕೇಳಬೇಕು. ಮೊದಲ ಸಲ ಹೇಳುವುದು ಮರ್ಯಾದೆ, ಎರಡನೆಯ ಸಲ ಹೇಳುವುದು ನಿಜ.

ಆ ಸಂಜೆ ಎಣ್ಣೆ ಬಿಡುವ ತನಕ ತಿರುವಿದೆ. ಕಾಸಿನೆಮ್ ಬಂದು ನೋಡಿ, ಒಲೆಗೆ ಸೌದೆ ಇಟ್ಟಳು. ಮೊದಲ ತುಂಡನ್ನು ರೆತ್ನಾನಿಯ ಬಾಯಿಗೆ ಇಟ್ಟಾಗ ಅವಳು ಅಗಿಯುತ್ತಲೇ ಅತ್ತಳು, ನಾನೂ ಅತ್ತೆ, ಈರುಳ್ಳಿ ಎನ್ನಲಿಲ್ಲ.

ತಮ್ಮ ವಿಶ್ವಾಸಿ, ಇನ್ನು ಮುಂದೆ ತೋಳು ಇಳಿಸದ,
ವಾರ್ಸಿತಿ

ತಾ.ಕ.: ತಾವು ಹುಟ್ಟು ಹಿಡಿದು ಜಗ್ಗಾಡುತ್ತಿದ್ದಷ್ಟು ಹೊತ್ತಿನಲ್ಲಿ ಬಾಣಲೆಯ ಒಂದು ಬದಿ ತಳ ಹಿಡಿಯಿತು. ಆ ಸೀದ ಭಾಗವನ್ನು ಬೇರೆ ಯಾರಿಗೂ ಹಂಚದೆ, ಬಾಳೆಲೆಯಲ್ಲಿ ಕಟ್ಟಿ ಈ ಪತ್ರದ ಜತೆ ತಮಗೇ ಕಳಿಸಿದ್ದೇನೆ. ತಿಂದು, ಹೇಗಿತ್ತೆಂದು ತಿಳಿಸಬೇಕು. ಬಹಳ ಚೆನ್ನಾಗಿತ್ತು ಎಂದು ಬರೆದರೆ ಇನ್ನೊಂದು ಸಲ ಕೇಳುತ್ತೇನೆ.