ಡಬ್ಬಣ್ಣ ಬಾಯಿ ಕಟ್ಟಿದ ದಿನ

ಬೆಳಗಿನ ಮೊದಲ ಬಸ್ಸಿನಲ್ಲಿ ಯಾರೋ ಪುಣ್ಯಾತ್ಮರು ಒಂದು ಡಬ್ಬಿ ಕೇಕು ಮರೆತು ಇಳಿದುಹೋದದ್ದೇ ಎಲ್ಲದಕ್ಕೂ ಮೂಲ. ಕಂಡಕ್ಟರು ಅದನ್ನು ತಂದು ಡಬ್ಬಣ್ಣನ ಮೇಜಿನ ಮೇಲೆ ಕುಕ್ಕಿ, "ತಗೋಳಪ್ಪ, ಇವತ್ತಿನ ನಿನ್ನ ಭಾಗ್ಯ" ಎಂದು ಕಣ್ಣು ಹೊಡೆದು ಹೋದ.

ಡಬ್ಬಣ್ಣ ಬಸ್ ನಿಲ್ದಾಣದ ಕಳೆದುಹೋದ ಸಾಮಾನುಗಳ ಕೋಣೆಯ ಗುಮಾಸ್ತ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಅವನಿಗೇ ಮರೆತಂತಾಗಿತ್ತು. ಬಸ್ಸಿನಲ್ಲಿ ಬಿಟ್ಟುಹೋದ ಊಟದ ಡಬ್ಬಿಗಳೆಲ್ಲ ಬಂದು ಸೇರುವುದು ತನ್ನ ಕೋಣೆಗೆ, ಅದಕ್ಕೇ ಈ ಹೆಸರು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ಹೊಟ್ಟೆ ನೋಡಿದವರು ಬೇರೆ ಕಾರಣ ಹೇಳುತ್ತಿದ್ದರು. ಆ ಕೋಣೆಗೊಂದು ನಿಯಮವಿತ್ತು. ತಿನ್ನುವ ಪದಾರ್ಥಕ್ಕೆ ಸಂಜೆಯೊಳಗೆ ವಾರಸುದಾರರು ಬಾರದಿದ್ದರೆ ಅದನ್ನು ವಿಲೇವಾರಿ ಮಾಡಬೇಕು. ಹೇಗೆ, ಎಲ್ಲಿ ಎಂದು ನಿಯಮ ಮಾಡಿದವರು ಹೇಳಿರಲಿಲ್ಲ. ಡಬ್ಬಣ್ಣ ವರ್ಷಗಟ್ಟಲೆ ಬಲು ನಿಷ್ಠೆಯಿಂದ, ಸಂಜೆಯವರೆಗೂ ಕಾಯದೆ, ವಿಲೇವಾರಿ ಮಾಡುತ್ತ ಬಂದಿದ್ದ.

ಹಸಿವಿಗೆ ತಿಂದಿದ್ದರೆ ಇಷ್ಟಾಗುತ್ತಿರಲಿಲ್ಲ. ಅವನು ತಿನ್ನುತ್ತಿದ್ದದ್ದು ಬೇಸರಕ್ಕೆ. ಕಳೆದುಕೊಂಡವರು ಹುಡುಕಿಕೊಂಡು ಬರುವುದೇ ಅಪರೂಪ. ಸುತ್ತ ಒಂಟಿ ಚಪ್ಪಲಿಗಳು, ಕಡ್ಡಿ ಮುರಿದ ಕೊಡೆಗಳು, ಯಾರದೋ ಕನ್ನಡಕಗಳು. ಅವನ್ನು ನೋಡುತ್ತ ದಿನವಿಡೀ ಕೂತಿರಬೇಕು. ಗಡಿಯಾರದ ಮುಳ್ಳು ಕೂಡ ಆ ಕೋಣೆಗೆ ಬಂದರೆ ಕಾಲೆಳೆದುಕೊಂಡು ನಡೆಯುತ್ತಿತ್ತು. ಇನ್ನು ಕೈ ಬಾಯಿಗೆ ಹೋಗದೆ ಎಲ್ಲಿಗೆ ಹೋಗಬೇಕು?

ಈಗ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಏದುಸಿರು. ಪ್ರತಿ ಮಹಡಿಯಲ್ಲೂ ನಿಂತು, ನೆರೆಯವರ ಬಾಗಿಲಿನ ಹೆಸರಿನ ಫಲಕ ಓದುವವನಂತೆ ನಟಿಸುತ್ತಿದ್ದ. ಸಂಜೆ ಹೆಂಡತಿಯ ಜೊತೆ ಹೊರಗೆ ಹೊರಟರೆ ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ಅವನಿಗೆ ಬೇಜಾರಾಗಬಾರದೆಂದು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಡಬ್ಬಣ್ಣನಿಗೆ ಕರುಳು ಚುರ್ ಎನ್ನುತ್ತಿತ್ತು. ಅದಕ್ಕೇ ಹೊಟ್ಟೆ ಚಿಕ್ಕದು ಮಾಡಿಸುವ ಆಪರೇಷನ್ನಿಗೆ ಒಪ್ಪಿದ್ದ. ಆದರೆ ಅದಕ್ಕೂ ಮುಂಚೆ ಒಂದಿಷ್ಟು ತೂಕ ಇಳಿಯಬೇಕು, ಯಕೃತ್ತಿನ ಕೊಬ್ಬು ಕರಗಬೇಕು. ಈಗಾಗಲೇ ಎರಡು ಸಲ ದಿನ ಮುಂದಕ್ಕೆ ಹೋಗಿತ್ತು.

"ಮುಂದಿನ ವಾರ ಮತ್ತೆ ತೂಕ ನೋಡ್ತೀನಿ. ಇಳಿದಿಲ್ಲ ಅಂದ್ರೆ ಆಪರೇಷನ್ ವಿಚಾರಾನೇ ಬಿಟ್ಬಿಡೋಣ" ಎಂದಿದ್ದರು ಡಾಕ್ಟರು.

ಇಂಥ ಹೊತ್ತಿನಲ್ಲಿ ಈ ಕೇಕಿನ ಡಬ್ಬಿ. ಮುಚ್ಚಳ ಬೇರೆ ಗಾಜಿನಂತೆ ಪಾರದರ್ಶಕ. ಊಟದ ಬದಲಿಗೆಂದು ಆಸ್ಪತ್ರೆಯವರು ಹೇಳಿದ ಪುಡಿಯನ್ನು ನೀರಿಗೆ ಕಲಸಿ ಈಗಷ್ಟೇ ಕುಡಿದಿದ್ದ, ಹೊಟ್ಟೆ ತಣ್ಣಗಿತ್ತು. ಆದರೂ ಕೈ ತಾನಾಗಿ ಮುಚ್ಚಳದ ಮೇಲೆ ಹೋಯಿತು. ಗಾಬರಿಯಾಗಿ ಹೆಂಡತಿಗೆ ಫೋನು ಮಾಡಿದ.

"ರೀ, ಹಸಿವಾಗ್ತಿದ್ಯಾ?"

"ಇಲ್ಲ ಕಣೇ. ಸುಮ್ನೆ ಕೂತಿದೀನಿ."

"ಹಾಗೆ ಕೂರೋದೇ ನಿಮಗೆ ಮುಳುವು. ಕೈಗೆ ಏನಾದ್ರೂ ಕೆಲಸ ಕೊಡಿ. ಆಸ್ಪತ್ರೆಯ ನರ್ಸೂ ಅದನ್ನೇ ತಾನೆ ಹೇಳಿದ್ದು?"

ಡಬ್ಬಣ್ಣ ನಿಟ್ಟುಸಿರು ಬಿಟ್ಟು ಎದ್ದ. ಆ ಕೋಣೆಯಲ್ಲಿ ಅವನು ಕೆಲಸ ಹುಡುಕಿಕೊಂಡು ಎದ್ದದ್ದು ಅದೇ ಮೊದಲು. ಮೊದಲು ಕೇಕಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ. ಕೊಡೆಗಳ ಧೂಳು ಒರೆಸಿದ. ಚೀಲಗಳೊಳಗೆ ಕೈಹಾಕಿ ನೋಡಿದರೆ ಎಷ್ಟೋ ಸಾಮಾನಿನ ಮೇಲೆ ಒಡೆಯರ ಫೋನ್ ನಂಬರು ಎದ್ದು ಕಾಣುತ್ತಿತ್ತು. ಇಷ್ಟು ದಿನ ಯಾರೂ ನೋಡಿರಲಿಲ್ಲ, ಅಷ್ಟೆ. ಒಬ್ಬೊಬ್ಬರಿಗೇ ಫೋನು ಮಾಡತೊಡಗಿದ. ಕೈಗೂ ಕೆಲಸ, ಬಾಯಿಗೂ ಕೆಲಸ!

ಉಪಾಯ ಚೆನ್ನಾಗಿಯೇ ಇತ್ತು. ಎಡವಟ್ಟಾದದ್ದು ಜನರ ಒಳ್ಳೆಯತನದಿಂದ. ಹಾರ್ಮೋನಿಯಂ ಕಳೆದುಕೊಂಡಿದ್ದ ಸಂಗೀತದ ಮೇಷ್ಟ್ರು ಓಡೋಡಿ ಬಂದರು, ಬರುವಾಗ ಒಂದು ಪೊಟ್ಟಣ ಸಿಹಿ ತಂದರು. ಹಲ್ಲಿನ ಸೆಟ್ಟು ಬಿಟ್ಟುಹೋಗಿದ್ದ ಅಜ್ಜಿ ಅದನ್ನು ಅಲ್ಲೇ ತೊಳೆದು ಹಾಕಿಕೊಂಡು, ಬಾಯ್ತುಂಬ ಹರಸಿ, ಚಕ್ಕೆಚಕ್ಕೆ ಬೆಲ್ಲ ಮೇಜಿನ ಮೇಲಿಟ್ಟಳು. ಹೊಲಿಗೆಯವಳು ತನ್ನ ಕತ್ತರಿ ಕಂಡು ಕಣ್ಣಲ್ಲಿ ನೀರು ತಂದುಕೊಂಡು ಬೆಣ್ಣೆ ಬಿಸ್ಕತ್ತು ಕೊಟ್ಟಳು. ಬೇಡವೆಂದರೆ, "ನಮ್ಮ ಕೈದು ತಗೊಳ್ಳಲ್ವಾ?" ಎಂದು ಮುಖ ಸಣ್ಣದು ಮಾಡುತ್ತಿದ್ದರು. ಒಂದೊಂದು ಕೊಡೆ ಹೋದ ಜಾಗಕ್ಕೆ ಒಂದೊಂದು ಪೊಟ್ಟಣ ಬಂದು ಕೂತಿತು.

ಪಕ್ಕದ ಟಿಕೆಟ್ ಕೌಂಟರಿನ ಹೆಂಗಸು ಕಿಟಕಿಯಲ್ಲಿ ತಲೆ ಹಾಕಿದಳು. ಊರ ಉಸಾಬರಿಯೆಲ್ಲ ಅವಳದೇ.

"ಏನ್ ಡಬ್ಬಣ್ಣ, ಆಪರೇಷನ್ ಅಂತೀಯ, ಇಲ್ಲಿ ನೋಡಿದ್ರೆ ಅಂಗಡಿ ಇಟ್ಟಿದೀಯಲ್ಲ!"

"ನಾನೆಲ್ಲಿ ಇಟ್ಟೆ ತಾಯಿ? ಅವರೇ ತಂದು ಸುರೀತಿದಾರೆ. ನನ್ನ ಕೈಲಾಗ್ತಿಲ್ಲ, ಸಾಕಾಗೋಗಿದೆ."

"ನೀನು ಸುಮ್ನಿರು. ನಾನು ನೋಡ್ಕೋತೀನಿ" ಎಂದು ಅವಳು ನೇರವಾಗಿ ಮೈಕಿನವನ ಹತ್ತಿರ ಹೋದಳು. ಬಸ್ಸುಗಳ ಹೊತ್ತು ಕೂಗುವ ಮೈಕಿನವನಿಗೆ ಕೂಗಲು ಹೊಸದೇನಾದರೂ ಸಿಕ್ಕಿದರೆ ಸಾಕಿತ್ತು. ಇನ್ನೊಂದು ಗಳಿಗೆಯಲ್ಲಿ ಇಡೀ ನಿಲ್ದಾಣ ಮೊಳಗಿತು.

"ಪ್ರಯಾಣಿಕರ ಗಮನಕ್ಕೆ! ಕಳೆದುಹೋದ ಸಾಮಾನುಗಳ ಕೋಣೆಯ ಗುಮಾಸ್ತರಿಗೆ ದೊಡ್ಡ ಆಪರೇಷನ್ ಇದೆ. ದಯವಿಟ್ಟು ಯಾರೂ ಅವರಿಗೆ ಸಿಹಿತಿಂಡಿ, ಬಿಸ್ಕತ್ತು ಕೊಡಬಾರದಾಗಿ ವಿನಂತಿ!"

ಡಬ್ಬಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಬಸ್ಸು ಕಾಯುತ್ತ ಆಕಳಿಸುತ್ತಿದ್ದ ಜನಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಕಳೆಯುವ ದಾರಿ ಯಾವುದು? ಪಾಪ, ದೊಡ್ಡ ಆಪರೇಷನ್ನಂತೆ, ನೋಡಿಕೊಂಡು ಬರೋಣ ಎಂದು ಗುಂಪುಗುಂಪಾಗಿ ಬಂದರು. ರೋಗಿಯನ್ನು ನೋಡಲು ಯಾರಾದರೂ ಬರಿಗೈಲಿ ಬರುತ್ತಾರೆಯೇ? ಸಿಹಿ, ಬಿಸ್ಕತ್ತು ಕೂಡದು ಎಂದಿದ್ದರಲ್ಲ, ಹಣ್ಣು ತಂದರು. ಬ್ರೆಡ್ಡು ತಂದರು. ಒಬ್ಬಾತ ಬಾಟಲಿಗಟ್ಟಲೆ ಜೇನು ತಂದ.

"ಎಷ್ಟು ಇಳಿದು ಹೋಗಿದೀರಪ್ಪಾ!" ಎಂದಳೊಬ್ಬಳು ಅವನನ್ನು ಮೊದಲ ಸಲ ನೋಡುತ್ತ.

"ನಮ್ಮ ಚಿಕ್ಕಪ್ಪನಿಗೂ ಇದೇ ಆಪರೇಷನ್ ಆಗಿದ್ದು" ಎಂದಳು ಇನ್ನೊಬ್ಬಳು.

"ಈಗ ಹೇಗಿದಾರೆ?" ಎಂದ ಡಬ್ಬಣ್ಣ.

"ಅದನ್ನ ಈಗ ಯಾಕೆ ಹೇಳೋದು ಬಿಡಿ" ಎಂದು ಅವಳು ಬಾಳೆಹಣ್ಣು ಸುಲಿದು ಅವನ ತುಟಿಗೇ ಹಿಡಿದಳು.

ಡಬ್ಬಣ್ಣ ಬಾಯಿ ಬಿಗಿಹಿಡಿದು ಮುಖ ತಿರುಗಿಸಿದ. ಕಣ್ಣೆದುರಿಗೆ ಹೆಂಡತಿ, ರಸ್ತೆಯ ನಡುವೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವಳು, ಬಂದು ನಿಂತಂತಾಯಿತು. ಸಾಯಲಿ, ಇವತ್ತೊಂದು ದಿನ ತಿನ್ನುವುದಿಲ್ಲ ಎಂದು ಹಟ ಹಿಡಿದ. ಬಂದವರಿಗೆಲ್ಲ ಕೈಮುಗಿದ, ತಂದದ್ದನ್ನೆಲ್ಲ ಎತ್ತಿ ಹಲಗೆಗೆ ಜೋಡಿಸಿದ, ನಡುವೆ ಬಿಡುವಾದಾಗ ಉಳಿದ ಒಡೆಯರಿಗೆ ಫೋನು ಮಾಡಿದ. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಕೋಣೆಯಲ್ಲಿ ಒಂದು ಕೊಡೆಯೂ ಉಳಿದಿರಲಿಲ್ಲ. ಹಲಗೆಗಳ ಮೇಲೆ ಕೆಳಗಿನಿಂದ ಸೂರಿನವರೆಗೆ ತಿನ್ನುವ ಪದಾರ್ಥವೇ. ಆದರೆ ಡಬ್ಬಣ್ಣನ ಬಾಯಿಗೆ ಒಂದು ಚೂರೂ ಹೋಗಿರಲಿಲ್ಲ. ಅವನಿಗೆ ಅಳು ಬರುವಷ್ಟು ಸುಸ್ತಾಗಿತ್ತು, ಹಾಗೆಯೇ ಎಷ್ಟೋ ವರ್ಷಗಳಿಂದ ಕಾಣದ ಒಂದು ಹೆಮ್ಮೆಯೂ ಆಗಿತ್ತು.

ಅಷ್ಟರಲ್ಲಿ ಮಹಡಿಯಿಂದ ಸಾಹೇಬರು ಇಳಿದು ಬಂದರು. ನಿಲ್ದಾಣದ ಮೇಲ್ವಿಚಾರಕರು. ಕೆಳಗೆ ಬಂದರೆಂದರೆ ಯಾರಿಗೋ ಗ್ರಹಚಾರ ಎಂದೇ ಲೆಕ್ಕ.

"ಏನ್ರೀ ಇದು ಜಾತ್ರೆ ಬೆಳಗ್ಗೆಯಿಂದ?" ಎನ್ನುತ್ತ ಒಳಗೆ ಬಂದವರು ಹಲಗೆಗಳನ್ನು ನೋಡಿ ಅಲ್ಲೇ ನಿಂತರು. "ಇದೆಲ್ಲ ಯಾರದು?"

ಟಿಕೆಟ್ ಕೌಂಟರಿನವಳೇ ಮುಂದೆ ಬಂದು ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದಳು. "ಒಂದು ಬಾಳೆಹಣ್ಣೂ ಮುಟ್ಟಿಲ್ಲ ಸಾರ್. ನಾನೇ ಸಾಕ್ಷಿ. ಬಾಯಿಗೆ ಹಿಡಿದ್ರೂ ಮುಖ ತಿರುಗಿಸ್ಬಿಟ್ರು."

ಸಾಹೇಬರು ಡಬ್ಬಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮಂಥವರು ಇಲ್ಲೇ ನನ್ನ ಕಾಲಡಿಯಲ್ಲಿದ್ದೂ ನನಗೆ ಗೊತ್ತಾಗ್ಲಿಲ್ವಲ್ರೀ! ನಮ್ಮ ಕ್ಯಾಂಟೀನಿನ ಉಗ್ರಾಣಕ್ಕೆ ಯಾರನ್ನ ಹಾಕಿದ್ರೂ ತಿಂದು ತೇಗ್ತಾರೆ. ನಿನ್ನೆ ತಾನೆ ಒಬ್ಬನ್ನ ಗೋಡಂಬಿ ಮೂಟೆ ಹಿಂದಿನಿಂದ ಎಳೆದು ಹೊರಗೆ ಹಾಕಿದೀನಿ. ನಾಳೆಯಿಂದ ಉಗ್ರಾಣ ನಿಮ್ಮ ಕೈಗೆ. ಇಲ್ಲಿ ಹೇಗಿದ್ರೂ ಒಂಟಿ ಚಪ್ಪಲಿ ಬಿಟ್ರೆ ಏನೂ ಉಳಿದಿಲ್ಲ, ಬೀಗ ಹಾಕ್ಸಿಬಿಡ್ತೀನಿ."

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮೈಕಿನವನು ಆಗಲೇ ಸುದ್ದಿ ಕೂಗಲು ಓಡಿದ್ದ. ಡಬ್ಬಣ್ಣ ಸಾಹೇಬರ ಕೈ ಬಿಡಲೇ ಇಲ್ಲ.

"ಸಾರ್..." ಕೊನೆಯ ಆಸೆಯೊಂದನ್ನು ಹಿಡಿದುಕೊಂಡು ಕೇಳಿದ, "ಅಲ್ಲಿ ಕೆಲಸ ತುಂಬಾ ಇರುತ್ತಾ? ಪುರುಸೊತ್ತೇ ಇರಲ್ವಾ?"

ಸಾಹೇಬರು ನಕ್ಕು ಬೆನ್ನು ತಟ್ಟಿದರು.

"ಅಯ್ಯೋ, ಆಪರೇಷನ್ ಮಾಡಿಸ್ಕೊಳ್ಳೋರಿಗೆ ನಾನು ಕಷ್ಟ ಕೊಡ್ತೀನೇನ್ರೀ? ಬೆಳಗ್ಗೆ ಅಡುಗೆಯವರಿಗೆ ಸಾಮಾನು ತೆಗೆದುಕೊಡೋದು, ಸಂಜೆ ಬಾಗಿಲು ಹಾಕೋದು, ಮುಗೀತು. ನಡುವೆ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲ್ಲ. ಗೋಡಂಬಿ ಮೂಟೆ ಪಕ್ಕದಲ್ಲೇ ಒಂದು ಮೆತ್ತನೆ ಕುರ್ಚಿ ಹಾಕಿಸ್ತೀನಿ. ಇಡೀ ದಿನ ಆರಾಮಾಗಿ, ಸುಮ್ನೆ ಕೂತಿರಿ."